ಕ್ಯಾನಿನ ನೀರಿಗೆ ಕಟ್ಟಿದ ದನಿ

ಕುಷ್ಟಗಿ ತಾಲ್ಲೂಕಿನ ನಮ್ಮೂರಲ್ಲಿ ಬೆಳಗಿನ ಆರು ಗಂಟೆಯ ಸದ್ದು ಬದಲಾಗಿದೆ. ಮೊದಲು ಬೋರಿಂಗಿನ ಹಿಡಿ ಕಿರುಗುಡುತ್ತಿತ್ತು, ಕೊಡಕ್ಕೆ ಕೊಡ ತಾಗುತ್ತಿತ್ತು, ಪಾಳಿಗಾಗಿ ಜಗಳ ಹತ್ತುತ್ತಿತ್ತು. ಈಗ ಬೈಕುಗಳ ಸದ್ದು. ಪೆಟ್ರೋಲ್ ಟ್ಯಾಂಕಿನ ಮೇಲೊಂದು, ಹಿಂದಿನ ಸೀಟಿನ ಎರಡೂ ಮಗ್ಗುಲಿಗೆ ಹುರಿ ಬಿಗಿದು ಎರಡು, ಹೀಗೆ ಇಪ್ಪತ್ತು ಲೀಟರಿನ ಕ್ಯಾನುಗಳನ್ನು ಹೇರಿಕೊಂಡು ಹುಡುಗರು ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಹೊರಡುತ್ತಾರೆ. ಆ ಸರಕಾರಿ ಹೆಸರನ್ನು ಬೋರ್ಡು ಬರೆದವನ ಹೊರತು ಯಾರೂ ಉಚ್ಚರಿಸಿದಂತಿಲ್ಲ. ಅದು ‘ಫಿಲ್ಟರ್’. ಐದು ರೂಪಾಯಿಯ ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಜಗಳವಿಲ್ಲ, ಮಾತೂ ಹೆಚ್ಚಿಲ್ಲ.

ಘಟಕದ ಹಿಂಬದಿಗೆ ಹೋದರೆ ಇನ್ನೊಂದು ಪೈಪು ಕಾಣುತ್ತದೆ. ಒಳಗಿನ ಯಂತ್ರ ಒಂದು ಕ್ಯಾನು ಸಿಹಿನೀರು ಕೊಡಲು ಹೆಚ್ಚುಕಡಿಮೆ ಅಷ್ಟೇ ನೀರನ್ನು, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚನ್ನು, ಹೊರಗೆ ದೂಡುತ್ತದೆ. ಮುಂದಿನ ನಳದಲ್ಲಿ ಬರುವ ನೀರಿನಿಂದ ತೆಗೆದ ಉಪ್ಪು, ಫ್ಲೋರೈಡ್ ಎಲ್ಲ ಈ ಹಿಂದಿನ ಪೈಪಿನ ನೀರಿನಲ್ಲಿ ಮಂದವಾಗಿ ಇರುತ್ತದೆ. ಅದು ಚರಂಡಿಗೆ, ಚರಂಡಿಯಿಂದ ತಗ್ಗಿಗೆ ಹರಿಯುತ್ತದೆ. ಬೇಸಿಗೆಯಲ್ಲಿ ಆ ತಗ್ಗಿನ ಸುತ್ತ ಮಾತ್ರ ಹಸಿರು. ಎಮ್ಮೆಗಳು ಅಲ್ಲೇ ನೀರು ಕುಡಿಯುತ್ತವೆ.

ಇಲ್ಲಿಂದ ಮುಂದೆ ಲೇಖನ ಎತ್ತ ಹೋಗಬಹುದೆಂದು ಓದುಗರು ಊಹಿಸಿರುತ್ತಾರೆ: ಹಳೆಯ ಬಾವಿ, ತಣ್ಣನೆಯ ಕೊಡ, ಕೆಟ್ಟುಹೋದ ಕಾಲ. ಆ ದಾರಿ ನನ್ನದಲ್ಲ. ಬಾವಿಯ ಕಾಲದ ಇನ್ನೊಂದು ಮುಖವನ್ನು ನಮ್ಮ ಮನೆಯಲ್ಲೇ ಕೇಳಿ ಬೆಳೆದವನು ನಾನು.

ನಮ್ಮ ಕೊಪ್ಪಳ 1997ರ ಆಗಸ್ಟಿನಲ್ಲಿ ಜಿಲ್ಲೆಯಾಗುವ ಮುಂಚೆ ರಾಯಚೂರು ಜಿಲ್ಲೆಯ ಭಾಗವಾಗಿತ್ತು. ಆ ಕಾಲಕ್ಕೆ ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಇಳಿದು ನೀರು ತರುವ ಮೆಟ್ಟಿಲು ಬಾವಿಗಳ ಜೊತೆ ನಾರುಹುಣ್ಣು ಇತ್ತು. ನಮ್ಮಜ್ಜ ತಮ್ಮ ಕಣಕಾಲಿನ ಕಲೆ ತೋರಿಸಿ ಆ ಕತೆ ಹೇಳುತ್ತಿದ್ದರು. ಕಾಲಿನ ಗುಳ್ಳೆಯೊಡೆದು ಮೊಳದುದ್ದದ ಹುಳ ನೂಲಿನಂತೆ ಹೊರಬರುತ್ತದೆ. ಆ ಕಾಲನ್ನು ನೀರಿಗಿಟ್ಟರೆ ಹುಳದ ಮರಿಗಳು ನೀರಿಗೆ, ನೀರಿನ ಸಣ್ಣ ಜೀವಿಗಳ ಹೊಟ್ಟೆಗೆ, ಆ ನೀರು ಕುಡಿದವರ ಹೊಟ್ಟೆಗೆ. ವರ್ಷ ಕಳೆಯುವಷ್ಟರಲ್ಲಿ ಇನ್ನೊಂದು ಕಾಲಿನಿಂದ ಹುಳ ಹೊರಗೆ. ಬಿತ್ತುವ ಕಾಲಕ್ಕೇ ಮನೆಮಂದಿ ಹಾಸಿಗೆ ಹಿಡಿಯುತ್ತಿದ್ದರಂತೆ. ಇದಕ್ಕೆ ಲಸಿಕೆ ಬರಲಿಲ್ಲ, ಮಾತ್ರೆಯೂ ಬರಲಿಲ್ಲ. ಬಟ್ಟೆಯಲ್ಲಿ ಸೋಸಿದ ನೀರು, ಮೆಟ್ಟಿಲು ಮುಚ್ಚಿದ ಬಾವಿ ಮತ್ತು ಕೊಳವೆಬಾವಿ, ಇವೇ ಅದನ್ನು ಓಡಿಸಿದವು. ದೇಶದಲ್ಲಿ ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಸಾರಿತು.

1972ರ ಬರ ಕಂಡವರು ಬೋರಿಂಗನ್ನು ದೇವರ ಸಾಲಿಗೆ ಸೇರಿಸಿ ಮಾತಾಡುವುದುಂಟು. ಸೊಲ್ಲಾಪುರದಲ್ಲಿ ರೂಪುಗೊಂಡ ಪಂಪನ್ನು ತಿದ್ದಿ ತೀಡಿ ಆ ದಶಕದಲ್ಲಿ ತಯಾರಾದ ‘ಇಂಡಿಯಾ ಮಾರ್ಕ್–2’ ಕೈಪಂಪು ಊರೂರಿಗೆ ಬಂತು. ಅದರ ಹಿಡಿಕೆಗೆ ಜಾತಿ ಗೊತ್ತಿರಲಿಲ್ಲ. ಬಾವಿಯ ಕಟ್ಟೆ ಹತ್ತಲಾಗದೆ, ಮೇಲಿನಿಂದ ಯಾರಾದರೂ ಸುರಿಯಲೆಂದು ಬಿಸಿಲಲ್ಲಿ ಕೊಡ ಹಿಡಿದು ಕಾದವರು ತಮ್ಮ ಕೇರಿಯಲ್ಲೇ ನೀರು ಹೊಡೆದುಕೊಂಡರು. ಹಳೆಯ ಹಳ್ಳಿಯ ಸಾಮರಸ್ಯದ ಬಗ್ಗೆ ಭಾವುಕರಾಗುವವರು ಗಂಗಾವತಿ ಕಡೆಯ ಮರಕುಂಬಿಯನ್ನು ನೆನೆಯಬೇಕು. ಕ್ಷೌರದ ಅಂಗಡಿ, ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶವಿಲ್ಲವೆಂಬ ತಕರಾರಿನ ಬೆನ್ನಿಗೆ 2014ರಲ್ಲಿ ಅಲ್ಲಿ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅಂಗಡಿ ಇರುವುದೊಂದು, ಅದರೊಳಕ್ಕೆ ಕಾಲಿಡಲು ಆಗುವುದೇ ಇನ್ನೊಂದು. ನಾಣ್ಯ ನುಂಗಿ ನೀರು ಕೊಡುವ ಯಂತ್ರ ಹೆಸರು ಕೇಳುವುದಿಲ್ಲ ಎನ್ನುವುದು ನಮ್ಮ ಕಡೆ ಸಣ್ಣ ಮಾತಲ್ಲ.

ಹಾಗಾದರೆ ಕೆಟ್ಟದ್ದು ಎಲ್ಲಿ? ಕುಷ್ಟಗಿ, ಯಲಬುರ್ಗಾ ನೆಲದಡಿ ಇರುವುದು ಗ್ರಾನೈಟು, ಪಟ್ಟೆಗಲ್ಲು. ಅವುಗಳ ಕೆಲವು ಖನಿಜಗಳಲ್ಲೇ ಫ್ಲೋರೈಡ್ ಇದೆ. ಮಳೆನೀರು ಮೇಲ್ಪದರದಲ್ಲೇ ಇದ್ದು ಮೇಲೆ ಬಂದರೆ ಅದರಲ್ಲಿ ಫ್ಲೋರೈಡ್ ಹೆಚ್ಚು ಸೇರುವುದಿಲ್ಲ. ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ ನೀರನ್ನು ಎತ್ತಿದರೆ ಕಲ್ಲಿನ ಗುಣವೂ ಕೊಡಕ್ಕೆ ಬರುತ್ತದೆ. ಕೈಪಂಪು ಎತ್ತುತ್ತಿದ್ದುದು ಕುಡಿಯುವಷ್ಟು. ಸಬ್‌ಮರ್ಸಿಬಲ್ ಬಂದ ಮೇಲೆ ಹೊಲಕ್ಕೂ ಅದೇ ನೀರು, ದಾಳಿಂಬೆಗೂ ಅದೇ ನೀರು. ಬೋರು ಆಳಕ್ಕೆ ಹೋದಂತೆ ನೀರಿನ ವಯಸ್ಸು ಹೆಚ್ಚಿತು. ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ದಾಟಿದ ನೀರು ಕುಡಿಯಲು ಬಾರದು ಎನ್ನುತ್ತದೆ ಭಾರತೀಯ ಮಾನಕ. ಮೊದಲು ಅದು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಎಳೆಯುತ್ತದೆ. ವರ್ಷಗಳು ಕಳೆದರೆ ಎಲುಬಿಗೆ ಇಳಿದು ಕುತ್ತಿಗೆ ತಿರುಗದು, ಮಂಡಿ ಮಡಚದು. ಎಲುಬು ಸೇರಿದ ಮೇಲೆ ಅದನ್ನು ಹೊರತೆಗೆಯುವ ಔಷಧವಿಲ್ಲ.

“ಬೋರಿಂಗ್ ನೀರು ಕುಡುದು ನಮ್ಮತ್ತಿ ಮಣಕಾಲು ಹಿಡಕೊಂಡು ಕುಂತಾಳ್ರಿ ಸರ್. ನಮ್ಮ ಹುಡುಗರ ಹಲ್ಲರ ಬೆಳ್ಳಗಿರ್ಲಿ,” ಎಂದು ಫಿಲ್ಟರಿನ ಮುಂದೆ ನಿಂತ ನೆರೆಮನೆಯಾಕೆ ಹೇಳಿದಾಗ ನನ್ನಲ್ಲಿ ಎದುರುಮಾತಿರಲಿಲ್ಲ. ನನ್ನ ಬೈಕಿನ ಮೇಲೂ ಎರಡು ಕ್ಯಾನು ಇದ್ದವು.

ಹುಳದ ನೀರಿಗೆ ಬೋರು ಮದ್ದಾಯಿತು, ಬೋರಿನ ನೀರಿಗೆ ಫಿಲ್ಟರ್ ಮದ್ದಾಯಿತು. ಫಿಲ್ಟರಿನ ಹಿಂದಿನ ಪೈಪಿಗೆ ಮದ್ದು ಇನ್ನೂ ಬಂದಿಲ್ಲ, ಏಕೆಂದರೆ ಆ ನೀರು ಕುಡಿಯುವುದು ಎಮ್ಮೆ. ಅಭಿವೃದ್ಧಿಯ ಪ್ರತಿ ಮೆಟ್ಟಿಲೂ ಹೊಸ ತಾಪತ್ರಯ ತರುತ್ತದೆ ಎನ್ನುವುದು ಹಳೆಯ ದೂರು, ಅದರಲ್ಲಿ ಹುರುಳೂ ಇದೆ. ನನ್ನ ತಕರಾರು ಬೇರೆ. ಬಾವಿಯ ಕಾಲಕ್ಕೂ ಬೋರಿಂಗಿನ ಕಾಲಕ್ಕೂ ನೀರು ಕೆಟ್ಟರೆ ಊರಿಗೇ ಕೆಡುತ್ತಿತ್ತು. ಗೌಡರ ಮಗನ ಕಾಲಿನಿಂದಲೂ ಹುಳ ಬರುತ್ತಿತ್ತು. ಕ್ಯಾನಿನ ನೀರು ಹಾಗಲ್ಲ. ಅದು ತಂದುಕೊಳ್ಳಬಲ್ಲವರಿಗೆ ಕೆಟ್ಟ ನೀರಿನಿಂದ ಹೊರಬೀಳಲು ಬಾಗಿಲು ತೆರೆಯುತ್ತದೆ. ಹೊರಬಿದ್ದವರು ಹಿಂದಿರುಗಿ ಕೂಗುವುದಿಲ್ಲ.

ಒಂದು ಬೇಸಿಗೆಯಲ್ಲಿ ನಮ್ಮೂರ ಫಿಲ್ಟರ್ ಹನ್ನೊಂದು ದಿನ ಕೆಟ್ಟು ನಿಂತಿತು. ಮೊದಲ ದಿನ ಪಂಚಾಯ್ತಿ ಕಟ್ಟೆಯ ಮುಂದೆ ಜನ ಸೇರಿದರು, ಏರುದನಿಯಲ್ಲಿ ಮಾತಾಡಿದರು, ಮೇಲಿನವರಿಗೆ ಫೋನು ಹೋಯಿತು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಯಾರೋ ನಾಲ್ಕು ಕಿಲೋಮೀಟರ್ ಆಚೆಯ ಊರಿನ ಫಿಲ್ಟರ್ ನಡೆಯುತ್ತಿದೆಯೆಂದು ಸುದ್ದಿ ತಂದರು. ಬೈಕುಗಳು ಅತ್ತ ತಿರುಗಿದವು. ನಾಲ್ಕನೆಯ ದಿನದಿಂದ ಪಂಚಾಯ್ತಿ ಮುಂದೆ ಒಂದು ನರಪಿಳ್ಳೆಯೂ ಇಲ್ಲ. ಬೈಕ್ ಇಲ್ಲದ ಮನೆಗಳು, ಮಕ್ಕಳು ಗುಳೆ ಹೋದ ಮೇಲೆ ಉಳಿದ ಮುದುಕರ ಮನೆಗಳು, ಸದ್ದಿಲ್ಲದೆ ಬೋರಿನ ನೀರಿಗೆ ಮರಳಿದವು. ರಿಪೇರಿಗೆ ಇನ್ನೂ ಎಂಟು ದಿನ ಹಿಡಿಯಿತು. ಪಂಚಾಯ್ತಿಯವರು ಕೆಟ್ಟವರೇನಲ್ಲ. ಅವರನ್ನು ತಿವಿಯುವವರು ಇರಲಿಲ್ಲ ಅಷ್ಟೆ.

ಈ ಕನ್ನಡಕ ಹಾಕಿಕೊಂಡು ಜಿಲ್ಲೆಯ ಇನ್ನೊಂದು ತುದಿಗೆ ಹೋಗೋಣ. ಮುನಿರಾಬಾದಿನ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಂತು. 227 ಕಿಲೋಮೀಟರಿನ ಎಡದಂಡೆ ಕಾಲುವೆ ಕೊಪ್ಪಳ, ಗಂಗಾವತಿ ದಾಟಿ ರಾಯಚೂರಿನ ಬಯಲಿಗೆ ಹೋಗುತ್ತದೆ. ಯೋಜನೆ ಹಾಕಿದವರ ಎಣಿಕೆಯಲ್ಲಿ ಅದು ಬರಗಾಲಕ್ಕೆ ಆಸರೆಯಾಗುವ ನೀರು. ಹೆಚ್ಚಿನ ಹೊಲಗಳಿಗೆ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆ, ಭತ್ತಕ್ಕೆ ಸಣ್ಣ ಪಾಲು. ಕಾಗದದ ಮೇಲೆ ಅದು ಇನ್ನೂ ಹಾಗೇ ಇದೆ. ಕಾಲುವೆಯ ಮೇಲ್ಭಾಗದಲ್ಲಿ ಆಂಧ್ರದಿಂದ ಬಂದವರ ಕ್ಯಾಂಪುಗಳು ನೆಲೆನಿಂತವು. ಅವರ ದುಡಿಮೆ ಕಂಡು ಸ್ಥಳೀಯರೂ ಗದ್ದೆ ಮಾಡಿದರು. ಗಂಗಾವತಿ ಭತ್ತದ ಕಣಜವಾಯಿತು, ಗಂಗಾವತಿಯ ಸೋನಾ ಮಸೂರಿ ಬೆಂಗಳೂರಿನ ಅಂಗಡಿಯ ಚೀಲಗಳ ಮೇಲೆ ಹೆಸರಾಯಿತು. ಬಡತನ ಓಡಿಸಿದ ಬೆಳೆಯನ್ನು ಹಳಿಯುವಷ್ಟು ಉಂಡು ಮರೆತವನಲ್ಲ ನಾನು. ಆದರೆ ಮೇಲಿನವನ ಗದ್ದೆಯಲ್ಲಿ ಗೇಣುದ್ದ ನಿಂತ ನೀರು ಸಿಂಧನೂರು, ಮಾನ್ವಿಯ ಕೆಳಭಾಗದ ರೈತನ ಪಾಲಿನದು. ಪ್ರತಿವರ್ಷ ಕೆಳಭಾಗದವರು ಹೆದ್ದಾರಿಗೆ ಬಂದು ಕೂರುತ್ತಾರೆ. ಮೇಲ್ಭಾಗದವರಿಗೆ ಆ ಕೂಗಿನ ಅಗತ್ಯವಿಲ್ಲ.

ಅದೇ ನೀರು ಮೇಲ್ಭಾಗದವರ ಕಾಲಬುಡಕ್ಕೂ ಬಂದಿದೆ ಎನ್ನುವುದು ಬೇರೆ ಮಾತು. ಎರಿ ನೆಲದಲ್ಲಿ ವರ್ಷಕ್ಕೆರಡು ಬೆಳೆ ನೀರು ನಿಲ್ಲಿಸಿದರೆ, ಬಸಿಗಾಲುವೆ ಇಲ್ಲದಿದ್ದರೆ, ಕೆಳಗಿನ ಉಪ್ಪು ಮೇಲೆ ಬರುತ್ತದೆ. ಸವಳು, ಜವಳು ಎರಡೂ ಒಟ್ಟಿಗೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಮೇಲೆಯೇ ದಶಕಗಳಿಂದ ಸಂಶೋಧನೆ ನಡೆಯುತ್ತಿದೆ ಎಂದರೆ ಅದು ಆ ಸೀಮೆಯ ಕಾಯಿಲೆಗೆ ಸಾಕ್ಷಿ. ಇನ್ನು ಜಲಾಶಯ: ಕಟ್ಟಿದಾಗ ಅದು ಹಿಡಿಯುತ್ತಿದ್ದುದು 132 ಟಿಎಂಸಿಗೂ ಹೆಚ್ಚು. ಹೂಳು ತುಂಬಿ ಈಗಿನ ಲೆಕ್ಕ 105.788 ಟಿಎಂಸಿ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ, ಎಪ್ಪತ್ತು ವರ್ಷದ ಕಬ್ಬಿಣಕ್ಕೂ ಆಯುಸ್ಸು ಇರುತ್ತದೆ ಎಂಬುದು ಎಲ್ಲರಿಗೂ ಒಮ್ಮೆಲೇ ನೆನಪಾಯಿತು. ತುಂಬಿದ ಹೊಳೆಯಲ್ಲೇ ತಡೆಹಲಗೆ ಇಳಿಸಿದ ತಜ್ಞರಿಗೆ ಇಡೀ ಸೀಮೆ ಕೈಮುಗಿಯಿತು. ಆ ವಾರವಷ್ಟೇ ಮೇಲ್ಭಾಗ, ಕೆಳಭಾಗ ಎಂಬ ಭೇದ ಇರಲಿಲ್ಲ. ನೀರು ಹೋದರೆ ಎಲ್ಲರದೂ ಹೋಗುತ್ತಿತ್ತು.

ಭತ್ತದ ಜೊತೆಗೇ ಬರುವ ಅಡುಗೆಮನೆಯ ಮಾತನ್ನು ಚುಟುಕಾಗಿ ಮುಗಿಸುತ್ತೇನೆ, ಅದರ ಬಗ್ಗೆ ಗಂಡಸರು ಈಗಾಗಲೇ ಬೇಕಾದಷ್ಟು ಬರೆದಿದ್ದಾರೆ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಗಂಗಾವತಿಯಂಥ ಸೀಮೆಯ ಅನ್ನ ಯಲಬುರ್ಗಾದ ಸಜ್ಜೆ ಹೊಲದ ಮನೆಗಳಲ್ಲೂ ದಿನದ ಊಟವಾಯಿತು. ಹಸಿವು ಹಿಂಗಿತು. ಸಕ್ಕರಿ ಕಾಯಿಲೆಯ ಮಾತ್ರೆಯೂ ಕಿರಾಣಿ ಚೀಟಿಯಷ್ಟೇ ಸಹಜವಾಯಿತು. ಇದಕ್ಕೆ ಅನ್ನವೊಂದೇ ಕಾರಣವಲ್ಲ. ಟ್ರ್ಯಾಕ್ಟರು, ಕಳೆನಾಶಕ, ಭತ್ತ ಕೊಯ್ಯುವ ಯಂತ್ರ ಮೈಕೆಲಸವನ್ನು ತಿಂದವು, ಊಟ ಮಾತ್ರ ಮೈಕೆಲಸದ ಕಾಲದ ಅಳತೆಯಲ್ಲೇ ಉಳಿಯಿತು. ಜೋಳದ ರೊಟ್ಟಿಗೆ ಮರಳಿ ಎಂದು ವೇದಿಕೆಯಲ್ಲಿ ಹೇಳುವವರು ನಲವತ್ತು ರೊಟ್ಟಿ ಬಡಿದವರಲ್ಲ, ಹೊಗೆಯ ಒಲೆ ಊದಿದವರೂ ಅಲ್ಲ. ನಮ್ಮವ್ವ ಗ್ಯಾಸ್ ಬಂದ ದಿನ ಒಲೆಗೆ ಅರಿಶಿನ ಕುಂಕುಮ ಹಚ್ಚಿ, “ಸಾಕು, ಇನ್ನ ನೀ ಮಲಕೊ” ಅಂದಿದ್ದಳು.

ಕೊಪ್ಪಳ ನಗರದ ಕತೆ ಮಾತ್ರ ಇವೆಲ್ಲವುಗಳಿಗಿಂತ ಬೇರೆ. ಗಿಣಿಗೇರಾ, ಅಲ್ಲಾನಗರ, ಹಿರೇಬಗನಾಳ, ಕುಣಿಕೇರಿ ಸುತ್ತ ಎರಡು ಮೂರು ದಶಕಗಳಲ್ಲಿ ಕಬ್ಬಿಣದ ಕಾರ್ಖಾನೆಗಳು ಎದ್ದಿವೆ. ಸ್ಪಾಂಜ್ ಐರನ್ ಎಂದರೆ ಅದಿರನ್ನು ಕಲ್ಲಿದ್ದಲಿನ ಜೊತೆ ತಿರುಗುವ ಕುಲುಮೆಯಲ್ಲಿ ಕಾಯಿಸುವುದು. ಹೊಗೆಯಲ್ಲಿನ ಧೂಳು ಹಿಡಿಯಲು ಯಂತ್ರವಿದೆ, ಅದು ಕರೆಂಟು ತಿನ್ನುತ್ತದೆ. ರಾತ್ರಿ ಹೊತ್ತು ಅದನ್ನು ನಿಲ್ಲಿಸುತ್ತಾರೆ ಎನ್ನುವುದು ಆ ಹಳ್ಳಿಗಳವರ ಬಹುಕಾಲದ ದೂರು. ಬೆಳಿಗ್ಗೆ ಎದ್ದರೆ ಮಾಳಿಗೆ, ಹತ್ತಿಯ ಎಲೆ, ಹಿಂಡಿದ ಬಟ್ಟೆ, ಎಲ್ಲದರ ಮೇಲೂ ಕಪ್ಪು ಪುಡಿ. ಹಳ್ಳಿಗಳವರು ಅರ್ಜಿ ಕೊಟ್ಟರು, ಧರಣಿ ಕೂತರು. ಹತ್ತೇ ಕಿಲೋಮೀಟರ್ ದೂರದ ಜಿಲ್ಲಾ ಕೇಂದ್ರದಲ್ಲಿ ಅದು ಪತ್ರಿಕೆಯ ಒಳಪುಟದ ಸುದ್ದಿ.

2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಬಂಡವಾಳ ಹೂಡಿಕೆದಾರರ ಸಮಾವೇಶದಲ್ಲಿ ಕೊಪ್ಪಳದ ಮಗ್ಗುಲಲ್ಲೇ 54 ಸಾವಿರ ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆ ಬರುವ ಒಪ್ಪಂದ ಆಯಿತು. ಅದೇ ತಿಂಗಳು 24ರಂದು ಕೊಪ್ಪಳ ಬಂದ್. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಬೀದಿಗಿಳಿದರು. ವ್ಯಾಪಾರಿಗಳು ಬಾಗಿಲು ಹಾಕಿದರು. ಎಡಪಂಥದವರು, ಮಠದ ಭಕ್ತರು, ವಕೀಲರು, ಶಾಲಾ ಮಕ್ಕಳು ಒಂದೇ ಮೈದಾನದಲ್ಲಿ ನಿಂತರು. ಮಾರ್ಚಿನಲ್ಲಿ ಕೆಲಸ ನಿಲ್ಲಿಸುವಂತೆ ಮುಖ್ಯಮಂತ್ರಿಯಿಂದ ಸೂಚನೆ ಬಂತು.

ಫ್ಲೋರೈಡ್ ಇಷ್ಟು ವರ್ಷ ಎಲುಬು ಬಗ್ಗಿಸಿದರೂ ಒಂದೇ ಒಂದು ದಿನ ಕುಷ್ಟಗಿ ಬಂದ್ ಆದದ್ದು ನನಗೆ ನೆನಪಿಲ್ಲ. ಕೊಪ್ಪಳದಲ್ಲಿ ಹೇಗೆ ಆಯಿತು? ಸ್ವಾಮೀಜಿಯ ಮಾತಿನ ಬಲ ದೊಡ್ಡದು, ಒಪ್ಪುತ್ತೇನೆ. 2019ರಲ್ಲಿ ಅವರೇ ಮುಂದೆ ನಿಂತು ಹಿರೇಹಳ್ಳದಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ಹೂಳು, ಕಸ ತೆಗೆಸಿದ್ದನ್ನು, ಕುಷ್ಟಗಿ ಕಡೆಯ ನಿಡಶೇಸಿ ಕೆರೆಗೆ ಜನ ಕೈಹಾಕಿದ್ದನ್ನು ಕಂಡವರಿಗೆ ಆ ಬಲ ಹೊಸದಲ್ಲ. ಆದರೂ ನನಗೆ ಕಾಣುವ ಕಾರಣ ಇನ್ನೊಂದು. ಗಾಳಿಗೆ ಕ್ಯಾನು ಇಲ್ಲ. ಬಂಗಲೆ ಕಟ್ಟಿದವನಿಗೂ ಗುಡಿಸಲಿನವನಿಗೂ ಒಂದೇ ಗಾಳಿ. ಐದು ರೂಪಾಯಿ ಹಾಕಿ ಹೊರಬೀಳುವ ಬಾಗಿಲು ಇಲ್ಲದ ಕಡೆ ಊರು ಒಟ್ಟಾಗಿ ನಿಲ್ಲುತ್ತದೆ. ದಿಲ್ಲಿಯಲ್ಲಿ ಮನೆಮನೆಗೆ ಗಾಳಿ ಶುದ್ಧಿ ಯಂತ್ರ ಬಂದಿದೆಯೆಂದು ಓದುತ್ತೇನೆ. ಅದು ಕೊಪ್ಪಳದ ಅಂಗಡಿಗಳಿಗೂ ಕಂತಿನಲ್ಲಿ ಬಂದ ದಿನ ಅಂಥ ಇನ್ನೊಂದು ಬಂದ್ ನಡೆದೀತೇ ಎಂಬ ಅನುಮಾನ ನನಗಿದೆ.

ಉಕ್ಕು ನಮಗೆ ಬೇಡವೇ, ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಬೋರಿನ ಕೇಸಿಂಗು ಕಬ್ಬಿಣ, ಬೈಕು ಕಬ್ಬಿಣ. 2025ರ ಮೇ 15ರಂದು ಕುಷ್ಟಗಿಯಿಂದ ಹುಬ್ಬಳ್ಳಿಗೆ ಮೊದಲ ರೈಲು ಹೊರಟಾಗ ಹಳಿಯ ಪಕ್ಕ ನಿಂತು ಮಕ್ಕಳಂತೆ ಕೈಬೀಸಿದವರಲ್ಲಿ ನಾನೂ ಇದ್ದೆ. ಅಜ್ಜನ ಕಾಲದಿಂದ ಕಾದ ರೈಲು ಅದು. ಕೆಲಸವೂ ಬೇಕು. ಮಂಗಳೂರು, ಗೋವಾ, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಹುಡುಗನಿಗೆ ಊರ ಬಳಿ ಕಾರ್ಖಾನೆ ಬೇಡ ಎನ್ನಲು ನನಗೆ ತಿಂಗಳ ಸಂಬಳದ ಧೈರ್ಯವಷ್ಟೇ ಇದೆ. ಅದಕ್ಕೇ ನನ್ನ ಪ್ರಶ್ನೆ ಬೇಕೋ ಬೇಡವೋ ಎಂಬುದಲ್ಲ. ಕಾರ್ಖಾನೆಯ ಹಿಂದಿನ ಪೈಪು ಯಾರ ಹೊಲಕ್ಕೆ ಬಿಟ್ಟಿದೆ, ಮತ್ತು ಆ ಹೊಲದವನಿಗೆ ಜಿಲ್ಲಾ ಕಚೇರಿಯಲ್ಲಿ ಕೂರಲು ಕುರ್ಚಿ ಸಿಗುತ್ತದೆಯೇ?

ನೀರಿಗೆ ಮರಳುತ್ತೇನೆ, ಏಕೆಂದರೆ ಅಲ್ಲಿ ಒಂದು ದಾರಿ ಕಣ್ಣೆದುರೇ ಇದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಮನೆಯ ಮೇಲೆ ವರ್ಷದಲ್ಲಿ 33 ಸಾವಿರ ಲೀಟರ್ ಬೀಳುತ್ತದೆ. ಬರದ ವರ್ಷವೆಂದು ಮಳೆಯನ್ನು 400 ಮಿಲಿಮೀಟರಿಗೆ ಇಳಿಸಿ, ಅದರಲ್ಲೂ ಅರ್ಧ ಪೋಲಾಯಿತು ಎನ್ನಿ, ಆದರೂ 11 ಸಾವಿರ ಲೀಟರ್ ಉಳಿಯುತ್ತದೆ. ದಿನಕ್ಕೊಂದು ಕ್ಯಾನಿನಂತೆ ಒಂದು ಮನೆ ವರ್ಷಕ್ಕೆ ಕುಡಿಯುವುದು 7,300 ಲೀಟರ್. ಮಣ್ಣಿನ ಮಾಳಿಗೆಯ ಕಾಲದಲ್ಲಿ ಈ ಲೆಕ್ಕ ನಡೆಯುತ್ತಿರಲಿಲ್ಲ, ಬೀಳುವುದು ಕೆಸರುನೀರು. ಈಗ ಊರ ತುಂಬ ಆರ್‌ಸಿಸಿ. ಹಳೆಯ ಕಾಲಕ್ಕೆ ಆಗದ್ದು ಹೊಸ ಕಾಲದ ಸೌಕರ್ಯದಿಂದಲೇ ಆಗುತ್ತದೆ. ಸಿಮೆಂಟಿನ ತೊಟ್ಟಿ, ಮೊದಲ ಮಳೆಯ ನೀರು ಹೊರಹಾಕುವ ಕವಾಟ, ಒಂದು ಸೋಸುಗ, ಇಷ್ಟೇ ಸಾಮಾನು.

2006ರ ಹೊತ್ತಿಗೆ ಸರಕಾರ ‘ಸುವರ್ಣ ಜಲ’ ಹೆಸರಿನಲ್ಲಿ ಹಳ್ಳಿಯ ಶಾಲೆಗಳಿಗೆ ಇಂಥವೇ ತೊಟ್ಟಿ ಕೊಟ್ಟಿತ್ತು. ನಾನು ಪಾಠ ಮಾಡಿದ ಒಂದು ಶಾಲೆಯಲ್ಲೂ ಅದು ಇತ್ತು. ಎರಡು ಮಳೆಗಾಲ ನಡೆಯಿತು. ಮೂರನೆಯ ವರ್ಷ ಮಾಳಿಗೆಯ ಪೈಪು ಮುರಿಯಿತು, ಆಮೇಲೆ ತೊಟ್ಟಿಯಲ್ಲಿ ಮುರಿದ ಬೆಂಚು ತುಂಬಿಟ್ಟರು. ಯಾರೂ ಕೇಳಲಿಲ್ಲ. ಮಾಸ್ತರರ ಕೊಠಡಿಯಲ್ಲಿ ಅಷ್ಟರಲ್ಲಿ ಕ್ಯಾನು ಬಂದಿತ್ತು, ಕೇಳದವರಲ್ಲಿ ನಾನೂ ಒಬ್ಬ.

ಹೋದ ವರ್ಷದ ಗ್ರಾಮಸಭೆಯಲ್ಲಿ ಎದ್ದು ನಿಂತು, ಆ ಶಾಲೆಯ ತೊಟ್ಟಿಯನ್ನು ಸರಿಮಾಡೋಣ, ಒಂದು ಪೈಪು, ಒಂದು ದಿನದ ಗೌಂಡಿ ಕೂಲಿ ಸಾಕು ಎಂದೆ. ಸಭೆಯಲ್ಲಿ ಮೂವತ್ತು ಜನ ಇದ್ದಿರಬಹುದು. ಮುಂದಿನ ಸಾಲಿನ ಒಬ್ಬರು ನಗುತ್ತ, “ಫಿಲ್ಟರ್ ಐತಲ್ರಿ ಸರ್, ಮತ್ಯಾಕ ಅದು?” ಅಂದರು. ಅವರ ಮನೆಯಲ್ಲಿ ಎರಡು ಬೈಕ್ ಇವೆ. ಬಾಗಿಲ ಬಳಿ ಕೋಲೂರಿ ನಿಂತಿದ್ದ ಮುದುಕಿ, ಆ ಹನ್ನೊಂದು ದಿನ ಬೋರಿನ ನೀರು ಕುಡಿದವಳು, ಏನೋ ಹೇಳಲು ಬಾಯಿ ತೆರೆದಂತೆ ಕಂಡಿತು. ಅಷ್ಟರಲ್ಲಿ ಮುಂದಿನ ವಿಷಯ ಓದಿದರು: ಎರಡನೆಯ ಫಿಲ್ಟರಿಗೆ ಜಾಗ.